ಇಸ್ತ್ರಿ ಅಕ್ಕ ಎದ್ದು ನಡೆದದ್ದು

ನಮ್ಮ ಬೀದಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನೋಡಿಕೊಂಡು ಬರುವವರಿಗೆ ಬರವಿಲ್ಲ. ಹೋಗುತ್ತೇವೆ, ಮಂಚದ ಪಕ್ಕ ಕೂರುತ್ತೇವೆ, ಕಾಯಿಲೆಯವರ ಮುಂದೆಯೇ ಮೂಗು ಒರೆಸಿಕೊಂಡು ನಿಟ್ಟುಸಿರು ಬಿಡುತ್ತೇವೆ. ಇಸ್ತ್ರಿ ಅಕ್ಕ ಹೃದಯದ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಾಗ ಹೀಗೆ ಮಾಡಿದವರಲ್ಲಿ ನಾನೇ ಮುಂದು. ಎದುರು ಮನೆಯವಳಲ್ಲವೇ, ಹೋಗುವುದೂ ಸುಲಭ.

ಅಕ್ಕ ಸಾಮಾನ್ಯದವಳಲ್ಲ. ಮುಂಬಾಗಿಲ ಪಕ್ಕ ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷ ಇಡೀ ಬೀದಿಯ ಬಟ್ಟೆಗೆ ಇಸ್ತ್ರಿ ಹಾಕಿದವಳು. ಇದ್ದಿಲು ತುಂಬಿದ ಆರು ಕಿಲೋ ಪೆಟ್ಟಿಗೆ ಅವಳ ಕೈಯಲ್ಲಿ ಆಟದ ಸಾಮಾನಿನಂತೆ ಓಡಾಡುತ್ತಿತ್ತು. ಜೇಬಿನಲ್ಲಿ ಪೆನ್ನು ಬಿಟ್ಟು ಅಂಗಿ ಕೊಟ್ಟವರಿಗೆ ಮಂಗಳಾರತಿ ತಪ್ಪುತ್ತಿರಲಿಲ್ಲ.

ಅಂಥವಳು ಈಗ ಫ್ಯಾನು ನೋಡುತ್ತ ಮಲಗಿಬಿಟ್ಟಳು. ಊಟ ಎರಡೇ ತುತ್ತು. ದಿನಾ ನಡೆಯಬೇಕೆಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರೂ ಬಚ್ಚಲಿಗೆ ಬಿಟ್ಟರೆ ಬೇರೆಲ್ಲಿಗೂ ಏಳುತ್ತಿರಲಿಲ್ಲ.

"ನನ್ನ ಕಥೆ ಮುಗೀತು ಕಣೇ. ಪೆಟ್ಟಿಗೆ ಎತ್ತೋಕಾಗದ ಮೇಲೆ ನಾನಿದ್ದೇನು ಪ್ರಯೋಜನ?" ಎಂದಳು.

"ಅಲ್ಲಾಡ್ಬೇಡ ಅಕ್ಕ. ಹೊಲಿಗೆ ಬಿಚ್ಕೊಂಡ್ರೆ ಏನು ಗತಿ?" ಎಂದೆ ನಾನು. ನನ್ನ ಬುದ್ಧಿವಂತಿಕೆ ನೋಡಿ.

ಹನ್ನೆರಡನೆಯ ದಿನ ಆಸ್ಪತ್ರೆಯಿಂದ ಸಿಸ್ಟರ್ ಗಾಯ ನೋಡಲು ಬಂದರು. ನಾನೂ ಅಲ್ಲೇ ಕೂತಿದ್ದೆ.

"ಗಾಯ ಚೆನ್ನಾಗಿ ಮಾಯ್ತಿದೆ. ಮನಸ್ಸು ಹೇಗಿದೆ?"

ಅಕ್ಕನ ಕಣ್ಣು ತುಂಬಿತು. "ಸುಮ್‌ಸುಮ್ನೆ ಅಳು ಬರುತ್ತೆ ಸಿಸ್ಟರ್. ನಾನು ಇಂಥವಳಲ್ಲ."

"ದೊಡ್ಡ ಆಪರೇಷನ್ ಆದ ಎಷ್ಟೋ ಜನಕ್ಕೆ ಹೀಗಾಗುತ್ತೆ. ಇದರಲ್ಲಿ ನಾಚಿಕೆಪಡೋದೇನಿಲ್ಲ. ಇನ್ನೆರಡು ವಾರ ಹೀಗೇ ಇದ್ರೆ ಡಾಕ್ಟ್ರಿಗೆ ಹೇಳೋಣ, ಅದಕ್ಕೂ ಚಿಕಿತ್ಸೆ ಇದೆ. ಆದ್ರೆ ನೀವು ನಡೀಬೇಕು."

ನಾನು ಸುಮ್ಮನಿರಲಿಲ್ಲ. "ಎದೆ ಕೊಯ್ದಿದ್ದಾರೆ ಸಿಸ್ಟರ್. ನಡೆದ್ರೆ..."

"ಎದೆ ಮೂಳೆನ ತಂತಿ ಹಾಕಿ ಬಿಗಿದಿದ್ದಾರಮ್ಮ. ನಿಧಾನವಾಗಿ ನಡೆದ್ರೆ ಏನೂ ಬಿಚ್ಚಲ್ಲ. ಭಾರ ಎತ್ತಬಾರದು, ಕೈಯೂರಿ ಏಳಬಾರದು. ಕೆಮ್ಮು ಬಂದ್ರೆ ದಿಂಬನ್ನ ಎದೆಗೆ ಅವುಚಿಕೊಂಡು ಕೆಮ್ಮಬೇಕು. ಮಲಗೇ ಇದ್ರೆ ಕಫ ಕಟ್ಟುತ್ತೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇವರಿಗೆ ಅಲ್ಲಾಡ್ಬೇಡಿ ಅಂತ ಹೇಳ್ಕೊಟ್ಟೋರು ಯಾರು?"

ನಾನು ಕಿಟಕಿಯ ಕಡೆ ತಿರುಗಿದೆ.

ಅಷ್ಟರಲ್ಲಿ ಅಕ್ಕನ ಗಂಡ ಒಳಗೆ ಬಂದರು. ಗೋದಾಮಿನ ಕಾವಲು ಕೆಲಸಕ್ಕೆ ರಜೆ ಹಾಕಿ, ಉಳಿದಿದ್ದ ಬಟ್ಟೆಗೆ ತಾವೇ ಇಸ್ತ್ರಿ ಹಾಕುತ್ತಿದ್ದರು ಭಾವ. ಕೈಯಲ್ಲಿ ಒಂದು ಪ್ಯಾಂಟು, ಮುಖದಲ್ಲಿ ಹೆಮ್ಮೆ.

ಅಕ್ಕ ಮಲಗಿದಲ್ಲಿಂದಲೇ ನೋಡಿದಳು. "ರೀ, ಒಂದು ಕಾಲಿಗೆ ಎಷ್ಟು ಗೆರೆ ಅದು?"

ಭಾವ ಎಣಿಸಿದರು. "ಎರಡು."

"ಎರಡ್ಯಾಕೆ?"

"ಒಂದು ಅಳಿಸಿಹೋದ್ರೆ ಇನ್ನೊಂದಿರಲಿ ಅಂತ."

ಸಿಸ್ಟರ್ ನಕ್ಕುಬಿಟ್ಟರು. ಅಕ್ಕ ನಗಲಿಲ್ಲ. "ನನ್ನ ಮಾನ ಕಳೀತಿದ್ದಾರೆ. ನನ್ನನ್ನ ಎಬ್ಬಿಸಿ ಸಿಸ್ಟರ್."

ಸಿಸ್ಟರ್ ಹೇಳಿಕೊಟ್ಟಂತೆ ದಿಂಬು ಅವುಚಿಕೊಂಡು, ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು ಎದ್ದಳು. ಮೇಜಿನವರೆಗೆ ಹದಿನೆಂಟು ಹೆಜ್ಜೆ. ಕುರ್ಚಿ ಹಾಕಿಕೊಟ್ಟೆವು. "ಹೊಲಿಗೆಗೆ ಹೊಲಿಗೆ ಸೇರ್ಸಿ ಹಿಡೀರಿ. ನೀರು ಚಿಮುಕಿಸಿ. ಈಗ ಪೆಟ್ಟಿಗೆ ಇಡಿ," ಎಂದು ಕೂತಲ್ಲಿಂದಲೇ ಗಂಡನಿಗೆ ಪಾಠ ಶುರು ಮಾಡಿದಳು.

"ನಾಳೆ ಎರಡು ಸಲ ಈ ಮೇಜಿನವರೆಗೆ ಬನ್ನಿ. ಆಮೇಲೆ ಬೀದಿ," ಎಂದರು ಸಿಸ್ಟರ್.

ಅಂದಿನಿಂದ ಅಕ್ಕನ ಜೊತೆ ನಡೆಯುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲ ದಿನವೂ ಹುಮ್ಮಸ್ಸಿನ ದಿನವಾಗಿರಲಿಲ್ಲ. ಒಂದು ದಿನ ನಾಲ್ಕು ಮನೆ ದಾಟುವಷ್ಟರಲ್ಲಿ ಸುಸ್ತು, ಇನ್ನೊಂದು ದಿನ ಬಾಗಿಲಲ್ಲೇ ಅಳು. ಅತ್ತ ಮರುದಿನವೂ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು. ಅವಳ ಗಟ್ಟಿತನ ಕಂಡು ನನಗೆ ಮನಸ್ಸು ತುಂಬಿ ಬರುತ್ತಿತ್ತು. ಗಂಡನೂ ಕಡಿಮೆಯಿಲ್ಲ, ದಿನಕ್ಕೆ ಹತ್ತು ಸಲ ಬೈಸಿಕೊಂಡು ಹದಿನೈದೇ ದಿನದಲ್ಲಿ ಒಂದೇ ಗೆರೆಗೆ ಬಂದರು.

ಆರನೆಯ ವಾರ ಒಂದು ಬೆಳಿಗ್ಗೆ ಅಕ್ಕ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನನ್ನ ಕೈಲಾಗಲ್ಲ ಕಣೇ. ವಾಪಸ್ ಹೋಗೋಣ."

ಎದೆನೋವಿದೆಯಾ, ಉಸಿರು ಕಟ್ಟುತ್ತಿದೆಯಾ ಎಂದು ಕೇಳಿದೆ. ಇಲ್ಲ, ಬೇಜಾರು ಅಷ್ಟೇ ಎಂದಳು. ನಾನೂ ಪಕ್ಕದಲ್ಲಿ ಕೂತೆ. "ಹೋಗೋಣ ಅಕ್ಕ. ನಮ್ಮನೆ ಎಲ್ಲಿದೆ ನೋಡು."

ಅವಳು ತಿರುಗಿ ನೋಡಿದಳು. ಇಡೀ ಬೀದಿ ಹಿಂದೆ ಬಿದ್ದಿತ್ತು. ಮನೆ ಕಣ್ಣಿಗೇ ಬೀಳಲಿಲ್ಲ.

"ಅಯ್ಯೋ, ಇಷ್ಟು ದೂರ ನಾನೇ ಬಂದ್ನಾ?"

"ಮತ್ತೆ, ನಾನೇನು ಎತ್ಕೊಂಡು ಬಂದ್ನಾ?"

ಆಪರೇಷನ್ ಆದ ಮೇಲೆ ಅಕ್ಕ ಮನಸಾರೆ ನಕ್ಕದ್ದು ಅವತ್ತೇ. ದಿಂಬಿಲ್ಲದೆ ಬಂದಿದ್ದರಿಂದ ನನ್ನ ಕೈಚೀಲವನ್ನೇ ಎದೆಗೆ ಅವುಚಿಕೊಂಡು ನಕ್ಕಳು. ಆಮೇಲೆ ಎದ್ದು, ನನಗಿಂತ ಮುಂದೆ ನಡೆದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹೃದಯದ ಆಪರೇಷನ್ ಆದವರಿದ್ದರೆ ಪ್ರೀತಿಯ ಹೆಸರಿನಲ್ಲಿ ಅವರನ್ನು ಮಂಚಕ್ಕೆ ಕಟ್ಟಿಹಾಕಬೇಡಿ. ಡಾಕ್ಟರು ಹೇಳಿದಷ್ಟು ನಡೆಯಲಿ, ಮಾತ್ರೆ ತಪ್ಪದಿರಲಿ. ಎದೆನೋವು, ಏದುಸಿರು, ಜ್ವರ ಬಂದರೆ, ಗಾಯ ಸೋರಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮನಸ್ಸು ಕುಗ್ಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಆಪರೇಷನ್ ಆದವರಿಗೆ ಗೊತ್ತಿರುವ ಕೆಲಸದ ಬಗ್ಗೆ ಅವರನ್ನೇ ಸಲಹೆ ಕೇಳಿ, ಬೈದರೆ ಬೈಸಿಕೊಳ್ಳಿ. ಇವತ್ತು ಸಂಜೆಯೇ ಅವರ ಬಾಗಿಲಿಗೆ ಹೋಗಿ, "ಬನ್ನಿ, ಒಂದಿಷ್ಟು ದೂರ ಹೋಗಿಬರೋಣ" ಎಂದು ಕರೆಯಿರಿ.