ಬಾಬೂಜಿಯ ಕೋಣೆಗೆ ಹಿಂದಿ ಬಂತು

ನಮ್ಮ ತಂದೆ, ಬಾಬೂಜಿ, ಮೂವತ್ತೊಂದು ವರ್ಷ ಸಂಸ್ಕೃತ ವ್ಯಾಕರಣ ಹೇಳಿಕೊಟ್ಟಿದ್ದ ಕೋಣೆಯನ್ನು ಕಾಶಿಯ ಆ ಪಾಠಶಾಲೆಯವರು ನನಗೇ ಕೊಟ್ಟರು. ಸ್ವಾತಂತ್ರ್ಯ ಬಂದು ಹನ್ನೊಂದು ವರ್ಷವಾಗಿತ್ತು. ಪಾಠಶಾಲೆ ಹೈಸ್ಕೂಲಾಯಿತು, ಹುಡುಗಿಯರನ್ನೂ ಸೇರಿಸಿಕೊಂಡರು, ನಾನು ಹಿಂದಿ ಕಲಿಸಲು ಸೇರಿದೆ. ಬಾಬೂಜಿಗೆ ಉಳಿದದ್ದು ವಾರಕ್ಕೆರಡು ಪಿರಿಯಡ್ಡು, ಅದೂ ಬೇಕೆಂದವರಿಗೆ ಮಾತ್ರ.

ಅದನ್ನು ನೇರವಾಗಿ ಹೇಳಲು ಮ್ಯಾನೇಜರಿಗೆ ಬಾಯಿ ಬರಲಿಲ್ಲ. ಸನ್ಮಾನ ಇಟ್ಟುಕೊಂಡರು. ಸಂಸ್ಕೃತ ನಮ್ಮೆಲ್ಲರ ತಾಯಿ ಎಂದು ಅರ್ಧ ಗಂಟೆ ಹಿಂದಿಯಲ್ಲಿ ಭಾಷಣ ಮಾಡಿ ಶಾಲು ಹೊದಿಸಿದರು. ಬಾಬೂಜಿ ಎದ್ದು ಸಂಸ್ಕೃತದಲ್ಲಿ ಎರಡು ವಾಕ್ಯ ಹೇಳಿದ್ದರಷ್ಟೆ.

"ಪಂಡಿತ್‌ಜೀ, ಹಿಂದೀಲಿ ಹೇಳಿ. ಜನಕ್ಕೆ ಅರ್ಥ ಆಗ್ಬೇಕಲ್ಲ" ಎಂದರು ಮ್ಯಾನೇಜರು.

"ಈಗ ತಾನೇ ತಾಯಿ ಅಂದ್ರಿ. ತಾಯಿ ಮಾತಾಡಿದ್ರೆ ತಿಳಿಯೋದಿಲ್ವೇನು?"

ಮುದುಕನ ಹಟ ಎಂಬಂತೆ ಸಭೆ ಅವರನ್ನೇ ನೋಡಿ ನಕ್ಕಿತು. ಬಾಬೂಜಿ ಶಾಲನ್ನು ಕುರ್ಚಿಯ ಮೇಲೆ ಬಿಸಾಕಿ ಮನೆಗೆ ಬಂದರು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ಎರಡು ಪಿರಿಯಡ್ಡು ನನ್ನ ತಲೆಗೆ ಬಂತು. "ನೀವು ಪಂಡಿತರ ಮಗಳಲ್ವೇ, ಬಹನ್‌ಜೀ" ಎಂದರು ಮ್ಯಾನೇಜರು. ಪಂಡಿತರ ಮಗಳಿಗೆ ಸಂಸ್ಕೃತ ಬರುತ್ತಿರಲಿಲ್ಲ. ಒಂಬತ್ತು ವರ್ಷದವಳಿದ್ದಾಗ ಕಲಿಸಿ ಎಂದು ಕೇಳಿದ್ದೆ. "ಹೆಣ್ಣು ಮಗು, ನಿನಗ್ಯಾಕೆ?" ಎಂದಿದ್ದರು. ಹಿಂದಿ ಅರ್ಥವಿದ್ದ ಗೈಡ್ ಕೊಂಡು, ಹಿಂದಿನ ದಿನ ಓದಿ, ಮರುದಿನ ಹೇಳುತ್ತಿದ್ದೆ.

ತರಗತಿಯಲ್ಲಿ ಸೋನ್‌ಮತಿ ಎಂಬ ಹುಡುಗಿಯೊಬ್ಬಳಿದ್ದಳು. "ಬಹನ್‌ಜೀ, ಬಾಲಕೇನ ಅನ್ನೋವಾಗ ನ ಇದೆ. ರಾಮೇಣ ಅನ್ನೋವಾಗ ಣ ಯಾಕೆ?" ಎಂದು ಕೇಳಿದಳು. ಗೈಡಿನಲ್ಲಿ ಅದಿರಲಿಲ್ಲ.

ಮನೆಯಲ್ಲಿ ಕೇಳಿದೆ. ತಿಂಗಳುಗಟ್ಟಲೆ ಮುಖ ಗಂಟು ಹಾಕಿಕೊಂಡಿದ್ದ ಬಾಬೂಜಿ ಎದ್ದು ಕೂತರು. ಮೊದಲು ಬಂದ ರಕಾರ ಮುಂದಿನ ನಕಾರವನ್ನು ಹೇಗೆ ಣಕಾರಕ್ಕೆ ತಿರುಗಿಸುತ್ತದೆ, ಯಾವಾಗ ತಿರುಗಿಸುವುದಿಲ್ಲ ಎಂದು ಒಂದು ಗಂಟೆ ವಿವರಿಸಿದರು.

"ಯಾರು ಕೇಳಿದ್ದು ಇದನ್ನ? ತಾವಾಗಿ ಕೇಳೋರೇ ಸಿಗಲ್ಲ."

"ಸೋನ್‌ಮತಿ. ದೋಣಿ ನಡೆಸೋ ಜೋಖೂ ಮಲ್ಲಾಹನ ಮಗಳು."

ದೋಣಿಯವರ ಜಾತಿ ಎಂದು ತಿಳಿದೊಡನೆ ಅವರ ಮುಖ ಬಿಗಿಯಿತು. "ಅವಳಿಗ್ಯಾಕೆ ಇದೆಲ್ಲ?"

ನಾನು ಪುಸ್ತಕವನ್ನು ನೆಲಕ್ಕೆ ಕುಕ್ಕಿದೆ. "ಆಗ ನಿನಗ್ಯಾಕೆ ಅಂದ್ರಿ, ಈಗ ಅವಳಿಗ್ಯಾಕೆ ಅಂತೀರಿ. ಹಿಂದಿ ಬಂದು ನಿಮ್ಮ ಜಾಗ ಕಿತ್ಕೊಳ್ತು ಅಂತ ಊರೆಲ್ಲಾ ಬೈತೀರಲ್ಲ ಬಾಬೂಜಿ, ಅದು ನಮ್ಮನ್ನ ಕೂರಿಸ್ಕೊಂಡು ಓದು ಕಲಿಸ್ತು. ನೀವು ಬಾಗಿಲು ಹಾಕ್ಕೊಂಡ್ರಿ. ಮ್ಯಾನೇಜರಿಗೆ ಬೈಯೋ ಮೊದಲು ನಿಮಗೆ ನೀವೇ ಬೈಕೊಳ್ಳಿ."

ಆ ವರ್ಷದ ಕೊನೆಗೆ ಮ್ಯಾನೇಜರು ಸಂಸ್ಕೃತವನ್ನು ಪೂರ್ತಿ ತೆಗೆದು ಹಿಂದಿ ಟೈಪಿಂಗ್ ಇಟ್ಟರು. ನಾನು ಅವರ ಕೋಣೆಗೆ ಹೋಗಿ ಜಗಳವಾಡಿದೆ. ಏನೂ ಆಗಲಿಲ್ಲ.

ಮುಂದಿನ ಭಾನುವಾರ ಸೋನ್‌ಮತಿ ಪುಸ್ತಕ ಹಿಡಿದು ನಮ್ಮ ಮನೆಗೇ ಬಂದಳು. ಬಾಬೂಜಿ ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವಳು ಗಲ್ಲಿಯ ಮೆಟ್ಟಿಲ ಮೇಲೆ, ಇವರು ಒಳಗೆ ಹಲಗೆಯ ಮೇಲೆ. ಹಾಗೇ ನಾಲ್ಕು ಭಾನುವಾರ ಪಾಠ ನಡೆಯಿತು. ಐದನೆಯ ಸಲ ನನಗೆ ತಡೆಯಲಾಗಲಿಲ್ಲ. ಅವಳ ಕೈ ಹಿಡಿದು ಎಳೆದು ತಂದು ಅವರ ಎದುರಿಗೇ ಚಾಪೆ ಹಾಸಿ ಕೂರಿಸಿದೆ. ಬಾಬೂಜಿ ಎದ್ದು ಒಳಗೆ ಹೋದರು. ಹುಡುಗಿ ಅಳಲಿಲ್ಲ, ಪುಸ್ತಕ ಮಡಚಿದಳು.

ಆರನೆಯ ಭಾನುವಾರ ಅವಳು ಬಂದು ಚಾಪೆಯ ಮೇಲೇ ಕೂತಳು. ಬಾಬೂಜಿ ಬಹಳ ಹೊತ್ತು ಬರಲಿಲ್ಲ. ಆಮೇಲೆ ಬಂದು, ನನ್ನತ್ತ ನೋಡದೆ, ಗೋಡೆಗೆ ಮುಖ ಮಾಡಿ ಕೂತು, "ಎಲ್ಲಿ ನಿಲ್ಸಿದ್ವಿ?" ಎಂದು ಗದರಿದರು.

ಅವಳು ಪುಟ ತೆರೆದು ಓದತೊಡಗಿದಳು.