ಬೋಳಿಸದೆ ಬಿಡಬೇಕಾದ ತಲೆ

ಮರೆವಂತೆ, ನನಗೆ, ನಗಬೇಕೋ ಉಗಿಯಬೇಕೋ, ಚಪ್ಪಲಿ ಎಲ್ಲಿ ಬಿಟ್ಟೆ ಅನ್ನುವುದು ಮರೆಯುತ್ತದೆ, ಊಟ ಆಯಿತೇ ಅನ್ನುವುದೂ ಒಮ್ಮೊಮ್ಮೆ, ಆದರೆ ಈ ಬೆರಳ ಕೆಳಗೆ ಬಂದುಹೋದ ತಲೆಯನ್ನು ಮರೆಯುತ್ತೇನೆಯೇ, ಕತ್ತೆಗಳಿರಾ, ಮೀಸೆ ಮೂಡುವ ಮೊದಲೇ ಕತ್ತರಿ ಹಿಡಿದವನು ನಾನು — ಮುಂದಿನ ಹುಡುಗ ಬಂದು ಕುಳಿತ, ಕಾದ ತಲೆ, ಹಲಸಿನ ನೆರಳೂ ಸಾಲದು, ಆಚೆ ಹೊರದೇಶದಿಂದ ಸೇವೆಗೆಂದು ಬಂದ ಬಿಳಿ ಹುಡುಗಿಯರು ಅನಾಥಾಲಯದ ಗೋಡೆಗೆ ನೀಲಿ ಬಳಿಯುತ್ತಿದ್ದಾರೆ, ಹೋದ ಸಲದವರು ಅದೇ ಗೋಡೆಗೆ ಹಳದಿ ಬಳಿದಿದ್ದರು. ನಾನೂ ಸೇವೆಗೇ ಬರುವವನು, ತಿಂಗಳಿಗೊಂದು ಶನಿವಾರ, ಲುಕಾಯಾ ಸಂತೆಯ ಅಂಗಡಿ ಮುಚ್ಚಿ. ಎಲ್ಲರಿಗೂ ಬೋಳು ಹೊಡಿ ಅಜ್ಜ, ಆ ಹುಡುಗಿ ಪೇಷೆನ್ಸ್‌ದು ಮಾತ್ರ ಬಿಡು, ರಿಬ್ಬನ್ ಕಟ್ಬೇಕು, ಮಧ್ಯಾಹ್ನ ಅತಿಥಿಗಳು ಬರ್ತಾರೆ, ಅಂದಳು ಬೆಳಿಗ್ಗೆ ಈ ಮನೆಯ ಯಜಮಾನಿ, ಮೇಡಂ ಪರ್ಪೆಟುವಾ. ಬಿಡು ಅನ್ನುವುದು ಹೊಸದಲ್ಲ. ಈಸ್ಟರ್ ಹೊತ್ತಿಗೆ ಲುಟಾಯಾನದು ಬಿಡು ಅಂದಳು, ಕೂತಲ್ಲೇ ತೂಕಡಿಸುತ್ತಿದ್ದ ಹುಡುಗ, ಮುಂದಿನ ತಿಂಗಳು ಅವನಿಲ್ಲ, ಅದಕ್ಕೂ ಮೊದಲು ಕಿವಿ ಮಡಚಿದ್ದ ಪುಟ್ಟಿ, ಅವಳೂ ಇಲ್ಲ, ಎಲ್ಲಿ ಅಂದರೆ, ಅಂಥೋರು ಯಾರೂ ಇಲ್ಲಿರ್ಲೇ ಇಲ್ಲ, ನಿಂಗೆ ಅರಳುಮರಳು ಅಜ್ಜ. ನಗುತ್ತಲೇ ಅಂದಳು. ಅಡುಗೆಯ ನಂಟೆಜಾ, ಕಾವಲಿನ ಮುಕಾಸಾ, ಇಬ್ಬರೂ ನೆಲ ನೋಡುತ್ತಿದ್ದರು.

ಹುಡುಗ ಎದ್ದ, ಸಾಲಿನಲ್ಲಿ ಇರಬಾರದ ಆ ಪೇಷೆನ್ಸ್, ಒಮ್ಮೆಯೂ ನನ್ನ ಕೈಗೆ ತಲೆ ಕೊಡದವಳು, ಸಾಲಿನಿಂದಲೇ ಬಂದು ಕುಳಿತಳು, ನಂದೂ ತೆಗಿ ಅಜ್ಜ, ಅಂದಳು, ಬೇಡ ಕಂದ, ನಿಂದು ಬಿಡ್ಬೇಕಂತೆ, ಅನ್ನುತ್ತಲೇ ಬೆರಳು ಕೂದಲೊಳಗೆ ಇಳಿಯಿತು — ನಿಂತಿತು. ನೆತ್ತಿಯಲ್ಲಿ ಎರಡು ಸುಳಿ, ಹಿಂದೆ ಸಣ್ಣ ಗಂಟಿನಂಥ ಮೂಳೆ, ಈ ತಲೆ ನನಗೆ ಗೊತ್ತು, ಹೋದ ವಾರ ತಾನೆ ನನ್ನ ಅಂಗಡಿಯಲ್ಲಿ ಬೋಳಿಸಿದೆ, ಬಾಳೆಗೊನೆ ಮಾರುವವಳ ಮಗಳು ನಕಾಟೊ, ಅವಳು ಇಲ್ಲಿ ಹೇಗೆ, ಇಲ್ಲ, ಇವಳ ಕೂದಲು ಬೆಳೆದಿದೆ, ಇವಳು ಅವಳಲ್ಲ, ಅರಳುಮರಳೇ ಹಾಗಾದರೆ. ನಿಜ ಹೆಸರೇನು ಕಂದ. ಪೇಷೆನ್ಸ್. ಅಮ್ಮ ಇಟ್ಟಿದ್ದು? ಸುತ್ತ ನೋಡಿದಳು, ತುಟಿ ಮಾತ್ರ ಆಡಿತು, ಬಬಿರ್ಯೆ. ನಮ್ಮಲ್ಲಿ ಅವಳಿ ಹೆಣ್ಣುಗಳಲ್ಲಿ ಮೊದಲು ಬಂದವಳೇ ಬಬಿರ್ಯೆ, ಬೆನ್ನಿಗೆ ಬಂದವಳೇ ನಕಾಟೊ, ಹೆತ್ತವಳ ಸ್ವಂತ ಹೆಸರು ಅಂದಿಗೆ ಹೋಯಿತು, ಊರಿಗೆಲ್ಲ ಅವಳು ನಲೊಂಗೊ, ಅವಳಿಗಳ ತಾಯಿ, ಅದೇ ನಲೊಂಗೊ ಗೊನೆ ಕೊಯ್ಯುತ್ತ ಕೊಯ್ಯುತ್ತ ಎಲ್ಲರಿಗೂ ಹೇಳುತ್ತಾಳೆ, ದೊಡ್ಡೋಳು ಹಾಸ್ಟೆಲಲ್ಲಿ ಓದ್ತಾಳೆ, ಮೇಡಂ ಕರ್ಕೊಂಡು ಹೋದ್ರು, ರಜಾಕ್ಕೆ ಬರ್ತಾಳೆ — ರಜೆ ಬಂತು, ಹೋಯಿತು, ಮತ್ತೆ ಬಂತು. ನಲೊಂಗೊ ಮಗಳನ್ನು ಶಾಲೆಗೆ ಕಳಿಸಿದ್ದಾಳೆ, ಇಲ್ಲಿ ಅನಾಥೆಯನ್ನು ಅತಿಥಿಗಳಿಗೆ ತೋರಿಸುತ್ತಾರೆ, ಇಬ್ಬರೂ ಒಂದೇ ಮಗು, ತೂಕಡಿಸುವವನಿಗೂ ತಾಯಿ ಇದ್ದಳೇನೋ, ಎಲ್ಲಿ, ಯಾವ ಸಂತೆಯಲ್ಲಿ. ರಿಬ್ಬನ್ ಕಟ್ಟಿಸ್ಕೊಂಡೋರೆಲ್ಲ ಹೋಗ್ಬಿಡ್ತಾರೆ ಅಜ್ಜ, ನಂದು ತೆಗಿ. ತೆಗೆದೆ. ನಡು ನೆತ್ತಿಯಿಂದ ಒಂದು ಗೆರೆ, ಇನ್ನೊಂದು, ಕಪ್ಪು ಗುಪ್ಪೆಗಳು ಮಡಿಲಿಗೆ ಬಿದ್ದವು, ಹೊರಗೆ ಕಾರಿನ ಹಾರನ್, ಮುಕಾಸಾ ಗೇಟು ತೆರೆದ, ಬಿಳಿಯ ಗಂಡ, ಬಿಳಿಯ ಹೆಂಡತಿ, ಹಿಂದೆಯೇ ಮೇಡಂ. ಬೋಳು ತಲೆ ನೋಡಿದಳು. ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು.

“ಪರ್ವಾಗಿಲ್ಲ ಬಿಡು ಅಜ್ಜ. ಇವ್ರ ದೇಶದಲ್ಲಿ ಚಳಿ, ಹೇಗೂ ಟೋಪಿ ಹಾಕ್ಲೇಬೇಕು.”

ಆ ಬಿಳಿಯ ಹೆಂಗಸು ಚೀಲದಿಂದ ಬಿಳಿಯ ಉಣ್ಣೆ ಟೋಪಿ ತೆಗೆದಳು, ಈ ಉರಿಬಿಸಿಲಲ್ಲಿ, ಮೊದಲೇ ತಂದಿದ್ದಾಳೆ, ಸರಿಯಾದ ಅಳತೆಯದು, ಕಿವಿ ಮುಚ್ಚುವವರೆಗೆ ಎಳೆದಳು, ಕೈ ಹಿಡಿದಳು, ಮಗು ನಡೆಯುತ್ತಿದೆ, ಬಿಳಿ ಟೋಪಿ ನಡೆಯುತ್ತಿದೆ, ಕೂಗು, ಮುದುಕ, ಕೂಗು —

“ಬಬಿರ್ಯೆ!”

ನಂಟೆಜಾಳ ಸೌಟು ನಿಂತಿತು, ಮುಕಾಸಾನ ಕೈ ಗೇಟಿನ ಅಗುಳಿಯ ಮೇಲೆ ನಿಂತಿತು, ಬಬಿರ್ಯೆ ಇದ್ದಾಳೆಂದರೆ ಎಲ್ಲೋ ನಕಾಟೊ ಇದ್ದಾಳೆ, ಇಬ್ಬರಿಗೂ ಗೊತ್ತು, ಅಂಗಳದ ಕೂಸಿಗೂ ಗೊತ್ತು, ಬಿಳಿಯರಿಬ್ಬರು ನಗುತ್ತಿದ್ದಾರೆ, ಮೇಡಂ ನಗುತ್ತಿಲ್ಲ. ಗೇಟು ಇನ್ನೂ ತೆರೆದೇ ಇದೆ. ಬಿಳಿ ಟೋಪಿ ತಿರುಗಿತು, ಅಂಚು ಓರೆಯಾಗಿ ಜಾರಿದೆ, ಅದರ ಕೆಳಗೆ ಕಾಣುವುದು ಒಂದೇ ಕಣ್ಣು. ಮುಕಾಸಾ, ಅಗುಳಿ ಹಾಕು, ನಂಟೆಜಾ, ಓಡು, ನಲೊಂಗೊಗೆ ಹೇಳು, ಸಿಗದಿದ್ದರೆ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳು, ಅವರು ಇನ್ನೊಬ್ಬರಿಗೆ ಹೇಳಲಿ, ಬಿಳಿ ಟೋಪಿ, ಒಂದು ಕಣ್ಣು, ಹೇಳು, ಬಿಳಿ ಟೋಪಿ —