ಏಳನೆಯವನ ಕ್ಷೇಮಸಮಾಚಾರ

ಕುಸಾಕಾ ಬಿಳಿ ಸೇವಂತಿಗೆಯನ್ನು ಶವಪೆಟ್ಟಿಗೆಯಲ್ಲಿ ಮಲಗಿದ್ದ ಮಿನೊವಾ ಅವರ ಭುಜದ ಪಕ್ಕ ಇಡುತ್ತಿದ್ದ. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವನ ಕೋಟಿನ ತೋಳು ಹಿಡಿದೆಳೆದರು.

"ಯೂನಿವರ್ಸಿಟಿ ಮೇಷ್ಟ್ರು ನೀವೇ ಅಲ್ವಾ? ನಾನು ಫುಸಾಯೆ ತಮ್ಮ, ಗೆಂಕಿಚಿ. ಬಂದರಿನ ಹತ್ರ ಮೀನಂಗಡಿ ನಂದು. ಕುಡಿಯೋಕೆ ಕೂತ್ರೆ ಭಾವಂಗೆ ನಿಮ್ಮದೇ ಮಾತು. ಅದೇನದು, ಆ ಏಳನೆಯವನು... ಇನ್ನೂ ನೇತಾಡ್ತಿದ್ದಾನಾ?"

ಶವಪೆಟ್ಟಿಗೆಯ ಸುತ್ತ ಹೂ ಹಿಡಿದು ನಿಂತಿದ್ದವರೆಲ್ಲ ಅವನತ್ತ ತಿರುಗಿದರು.

"ಹೂಂ. ಇದ್ದಾನೆ," ಎಂದ ಕುಸಾಕಾ.

"ಕೇಳಿಸ್ತಾ ಭಾವ?" ಗೆಂಕಿಚಿ ಪೆಟ್ಟಿಗೆಯೊಳಕ್ಕೆ ಬಗ್ಗಿ ಕಿವುಡನಿಗೆ ಹೇಳುವಂತೆ ಕೂಗಿದ. "ನೀನು ಹೋದ್ರೂ ಅವ್ನು ಹೋಗಿಲ್ವಂತೆ! ಗಟ್ಟಿ ಪಿಂಡ!"

ಯಾರೋ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಫುಸಾಯೆ ಮಾತ್ರ ಗಂಡನ ಬಿಳಿ ನಿಲುವಂಗಿಯ ಕೊರಳಪಟ್ಟಿಯನ್ನು ಸರಿಮಾಡುತ್ತಿದ್ದವಳು ತಲೆ ಎತ್ತಲಿಲ್ಲ. ಸತ್ತವರ ಮುಖದೆದುರು ನಿಂತು ಕುಸಾಕಾ ಸುಳ್ಳು ಹೇಳಿದ್ದ. ಹೊಸ ಸುಳ್ಳೇನಲ್ಲ. ಒಂಬತ್ತು ವರ್ಷದ ಹಳೆಯದು.

*

ಏಳನೆಯವನು ಎಂದರೆ ಕಿರುಬೆರಳಿನಷ್ಟು ದಪ್ಪದ ಒಂದು ಉಕ್ಕಿನ ಸರಳು. ಬಾಯ್ಲರಿನ ಉಕ್ಕು ಕೆಂಪಗೆ ಕಾದು, ಭಾರ ಹೊತ್ತು ಎಷ್ಟು ಕಾಲ ತಾಳುತ್ತದೆ ಎಂದು ತಿಳಿಯಲು ತಾಂತ್ರಿಕ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಹನ್ನೆರಡು ಸರಳುಗಳನ್ನು ಹನ್ನೆರಡು ಕುಲುಮೆಗಳಲ್ಲಿ ತೂಗುಬಿಟ್ಟು, ಒಂದೊಂದಕ್ಕೂ ಭಾರ ಕಟ್ಟಿದ್ದರು. ಕೆಲವು ವಾರದಲ್ಲಿ ತುಂಡಾದವು, ಕೆಲವು ಹತ್ತು ವರ್ಷಕ್ಕೆ. ಏಳನೆಯದು ಮಾತ್ರ ವರ್ಷಕ್ಕೆ ಕೂದಲೆಳೆಯಷ್ಟು ಉದ್ದವಾಗುತ್ತ ಹಿಡಿದುಕೊಂಡೇ ಇತ್ತು. ಪ್ರಯೋಗಾಲಯದ ಸಹಾಯಕರಾಗಿದ್ದ ಮಿನೊವಾ ದಿನಾ ಬೆಳಿಗ್ಗೆ ಎಂಟಕ್ಕೆ ಮಾಪಕ ನೋಡಿ ಬರೆದುಕೊಳ್ಳುತ್ತಿದ್ದರು. ಹೊಸ ವರ್ಷದ ದಿನ ಕೂಡ. ಅಪ್ಪ ಸತ್ತ ದಿನ ಕೂಡ.

ಕುಸಾಕಾ ಆಗ ಇಪ್ಪತ್ತೆರಡರ ವಿದ್ಯಾರ್ಥಿ. ಮಿನೊವಾ ಜ್ವರದಲ್ಲಿ ಮಲಗಿದ್ದ ಒಂದು ವಾರ ಆ ಕೆಲಸ ಅವನ ಪಾಲಿಗೆ ಬಂತು. ಒಂದು ದಿನ ನಿದ್ದೆ ಹೋಗಿಬಿಟ್ಟ. ಹಿಂದಿನ ದಿನದ ಅಂಕಿಗೂ ಮಾರನೆಯ ದಿನದ ಅಂಕಿಗೂ ನಡುವಿನದೊಂದನ್ನು ಬರೆದಿಟ್ಟ. ಯಾರಿಗೆ ಗೊತ್ತಾಗುತ್ತದೆ? ಮಿನೊವಾ ಬಂದವರೇ ಪುಟದ ಮೇಲೆ ಬೆರಳಿಟ್ಟರು.

"ಇದು ನೀನು ನೋಡಿದ್ದಲ್ಲ."

ಕುಸಾಕಾ ನಿದ್ದೆ ಹೋದದ್ದನ್ನು ಒಪ್ಪಿಕೊಂಡ.

"ನೋಡ್ಲಿಲ್ಲ ಅಂದ್ರೆ ಖಾಲಿ ಬಿಡು ಮಾರಾಯ. ಖಾಲಿ ಬಿಟ್ರೆ ಒಂದು ದಿನ ಹೋಯ್ತು, ಅಷ್ಟೆ. ಸುಳ್ಳು ತುಂಬಿದ್ರೆ, ನಿಜವಾಗಿ ನೋಡಿದ್ದನ್ನೂ ಯಾರೂ ನಂಬಲ್ಲ."

ಇಷ್ಟು ಹೇಳಿ, ಅವನಿಗೊಂದು ಸಿಗರೇಟು ಕೊಟ್ಟರು. ಪ್ರೊಫೆಸರರ ಕಿವಿಗೆ ಸುದ್ದಿ ಹಾಕಲಿಲ್ಲ.

*

ಅವರು ನಿವೃತ್ತರಾದ ಮೇಲೆ ಪ್ರತಿ ಹೊಸ ವರ್ಷಕ್ಕೂ ಅವರಿಂದ ಒಂದು ಕಾರ್ಡು ಬರುತ್ತಿತ್ತು. ಶುಭಾಶಯದ ಕೆಳಗೆ ಒಂದೇ ಸಾಲು: "ಏಳನೆಯವನು ಹೇಗಿದ್ದಾನೆ?" ಅಷ್ಟರಲ್ಲಿ ಪ್ರೊಫೆಸರಾಗಿದ್ದ ಕುಸಾಕಾ ಮಾಪಕ ನೋಡಿ, ಅಂಕಿ ಬರೆದು ಕಳಿಸುತ್ತಿದ್ದ.

ಒಂಬತ್ತು ವರ್ಷದ ಹಿಂದೆ ಹೊಸ ಯೋಜನೆಯೊಂದು ಬಂತು. ಸೂಕ್ಷ್ಮದರ್ಶಕ ಯಂತ್ರಕ್ಕೆ ನೆಲಮಾಳಿಗೆಯೇ ಬೇಕಾಯಿತು. ಮೂವತ್ತೊಂದು ವರ್ಷ ಉರಿದಿದ್ದ ಕುಲುಮೆಯನ್ನು ಒಂದು ಡಿಸೆಂಬರ್ ಮಂಗಳವಾರ ಕುಸಾಕಾ ತಾನೇ ಆರಿಸಿದ. ಅದು ತಣ್ಣಗಾಗಲು ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ಮಿನೊವಾ ಅವರಿಗೆ ತಿಳಿಸೋಣವೆಂದು ಎರಡು ಸಲ ಫೋನು ಎತ್ತಿದ, ಎರಡು ಸಲವೂ ಇಟ್ಟ. ನಾಳೆ ಹೇಳಿದರಾಯಿತು. ಕುಲುಮೆಯ ಜೊತೆ ಸರಳೂ ಗುಜರಿಗೆ ಹೋಯಿತು.

ಹೊಸ ವರ್ಷಕ್ಕೆ ಕಾರ್ಡು ಬಂತು. "ಚೆನ್ನಾಗಿದ್ದಾನೆ," ಎಂದು ಬರೆದು ಹಾಕಿದ. ಮಾರನೆಯ ವರ್ಷ ಅದೇ ಮಾತು ಬರೆಯಲು ಅಷ್ಟು ಕಷ್ಟವಾಗಲಿಲ್ಲ. ಮೂರನೆಯ ವರ್ಷ ಮಿನೊವಾ "ಅಂಕಿ ಎಷ್ಟಾಯಿತು?" ಎಂದು ಕೇಳಿದ್ದರು. ವಿಮಾನ ಹಿಡಿಯುವ ಅವಸರದಲ್ಲಿದ್ದ ಕುಸಾಕಾ, ಬಾಯಿಗೆ ಬಂದ ಅಂಕಿಯನ್ನು ಬರೆದು ಅಂಚೆಡಬ್ಬಕ್ಕೆ ಹಾಕಿದ.

*

ಚಿತಾಗಾರದ ಕಾಯುವ ಕೋಣೆಯಲ್ಲಿ ಚಹಾ, ಬಿಯರು, ಹುರಿದ ತೋಫುವಿನೊಳಗೆ ತುಂಬಿದ ಅನ್ನ. ಗೆಂಕಿಚಿ ಕಿಟಕಿಯ ಬಳಿ ನಿಂತು, ಕುದುರೆ ಜೂಜಿನಲ್ಲಿ ಭಾವ ಒಮ್ಮೆಯೂ ಗೆದ್ದಿರಲಿಲ್ಲವೆಂಬ ಕತೆ ಹೇಳುತ್ತಿದ್ದ. ಕುಸಾಕಾ ಫುಸಾಯೆಯ ಪಕ್ಕ ಮಂಡಿಯೂರಿ ಕುಳಿತ.

"ಅಮ್ಮಾ, ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ಏಳನೆಯವನು ಇಲ್ಲ. ಒಂಬತ್ತು ವರ್ಷ ಆಯ್ತು. ಕುಲುಮೆ ಆರಿಸಿದ್ದು ನಾನೇ."

ಆಕೆ ಅವನ ಬಟ್ಟಲಿಗೆ ಚಹಾ ಬಗ್ಗಿಸಿದಳು.

"ಗೊತ್ತು."

"ಯಾರು ಹೇಳಿದ್ರು?"

"ನೀವೇ. ಒಂದು ವರ್ಷ ಅಂಕಿ ಬರೆದು ಕಳಿಸಿದ್ರಲ್ಲ? ನಮ್ಮನೆಯವ್ರು ಹಳೇ ಕಾರ್ಡೆಲ್ಲ ಹರಡ್ಕೊಂಡು ಕೂತ್ರು. ಆಮೇಲೆ ನಗೋಕೆ ಶುರು ಮಾಡಿದ್ರು. ಕೆಮ್ಮು ಬರೋವರೆಗೂ ನಕ್ರು. ಏನ್ರೀ ಅದು ಅಂದೆ. 'ಉಕ್ಕು ಗಿಡ್ಡ ಆಗ್ಬಿಟ್ಟಿದೆ ಕಣೇ ಫುಸಾಯೆ! ಐದು ವರ್ಷದ ಹಿಂದೆ ಇದ್ದಿದ್ದಕ್ಕಿಂತ ಗಿಡ್ಡ!' ಅಂದ್ರು."

ಕುಸಾಕಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ತುಂಬಾ ಬೈದ್ರಾ?"

"ಬೈಲಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ, ಅಷ್ಟೆ. ಜಾಗ ಬೇಕಾಗಿರತ್ತೆ, ಆರಿಸಿರ್ತಾನೆ ಬಿಡು ಅಂದ್ರು. ಆಮೇಲೆ ಅಂಗಳದಲ್ಲಿ ಹಿಮ ಬಾಚ್ತಾ ಇದ್ದಾಗ, ತಮ್ಮಷ್ಟಕ್ಕೇ ಅನ್ನೋ ಹಾಗೆ, 'ಒಂದು ಮಾತು ಕರೆದಿದ್ರೆ ಹೋಗಿ ಕೊನೇ ಅಂಕಿ ನಾನೇ ಬರ್ಕೊಂಡು ಬರ್ತಿದ್ದೆ' ಅಂದ್ರು."

ಕಿಟಕಿಯ ಬಳಿ ಎಲ್ಲರೂ ಘೊಳ್ಳೆಂದು ನಕ್ಕರು. ಕುದುರೆಯ ಕತೆ ಮುಗಿದಿತ್ತು.

"ಹಾಗಾದ್ರೆ ಈ ವರ್ಷವೂ ಯಾಕೆ ಕೇಳಿದ್ರು, ಹೇಗಿದ್ದಾನೆ ಅಂತ?"

"ನಾನೂ ಅದನ್ನೇ ಕೇಳ್ದೆ. ಗೊತ್ತಿದ್ದೂ ಯಾಕ್ರೀ ಆ ಮನುಷ್ಯನ್ನ ಗೋಳು ಹುಯ್ಕೊಳ್ತೀರಾ ಅಂತ. ಅದಕ್ಕವ್ರು, 'ಕೇಳ್ದೇ ಇದ್ರೆ ಅವ್ನು ಇನ್ನೇನಂತ ಬರೀತಾನೆ? ಕಾಗದ ಬರೋದೇ ನಿಂತೋಗತ್ತೆ' ಅಂದ್ರು."

ವಿಶ್ವವಿದ್ಯಾಲಯದಿಂದ ಅವರ ಮನೆ ಬಸ್ಸಿನಲ್ಲಿ ನಾಲ್ಕನೆಯ ನಿಲ್ದಾಣ. ಅವರು ನಿವೃತ್ತರಾದ ಈ ಹದಿನೆಂಟು ವರ್ಷಗಳಲ್ಲಿ ಕುಸಾಕಾ ಆ ನಿಲ್ದಾಣದಲ್ಲಿ ಒಮ್ಮೆಯೂ ಇಳಿದಿರಲಿಲ್ಲ. ಕ್ಷಮಿಸಿ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ಕೈಗವಸು ತೊಟ್ಟ ನೌಕರ ತಲೆಬಾಗಿ, ಎಲ್ಲ ಸಿದ್ಧವಾಗಿದೆ ಎಂದ.

ಲೋಹದ ತಟ್ಟೆಯ ಮೇಲೆ ಬೆಳ್ಳಗಿನ ಎಲುಬುಗಳಿದ್ದವು. ಬಿಸಿ ಇನ್ನೂ ಮುಖಕ್ಕೆ ಹೊಡೆಯುತ್ತಿತ್ತು. ಪದ್ಧತಿಯಂತೆ ಒಂದೊಂದು ಎಲುಬನ್ನೂ ಇಬ್ಬಿಬ್ಬರು ಕೂಡಿ ಉದ್ದನೆಯ ಕಡ್ಡಿಗಳಿಂದ ಎತ್ತಿ ಅಸ್ಥಿಕುಂಭಕ್ಕೆ ಹಾಕಬೇಕು, ಹತ್ತಿರದ ನೆಂಟರು ಮೊದಲು. ಗೆಂಕಿಚಿ ಅಕ್ಕನ ಪಕ್ಕಕ್ಕೆ ಬಂದು ನಿಂತ.

"ನೀನು ಆಮೇಲೆ," ಎಂದಳು ಫುಸಾಯೆ. "ಮೇಷ್ಟ್ರೇ, ನೀವು ಬನ್ನಿ."

"ನಾನು ನೆಂಟನಲ್ವಲ್ಲಮ್ಮ..."

"ಬನ್ನಿ."

ಆಕೆ ಆ ತುದಿ ಹಿಡಿದಳು, ಅವನು ಈ ತುದಿ. ಅವನು ಕಡ್ಡಿಗಳನ್ನು ಒತ್ತಿ ಹಿಡಿದದ್ದಕ್ಕೆ ಎಲುಬು ಅತ್ತಿತ್ತ ಹೊರಳಿತು.

"ಬಿಗಿಯಾಗಿ ಬೇಡ. ಪುಡಿಯಾಗತ್ತೆ," ಎಂದು ಆಕೆ ಪಿಸುಗುಟ್ಟಿದಳು. "ಬಿಡ್ಲೂಬೇಡಿ."

ಕುಳ್ಳಗಿನ ಮುದುಕಿಯ ಎತ್ತರಕ್ಕೆ ತನ್ನ ಕೈ ಬರುವಂತೆ ಕುಸಾಕಾ ಸೊಂಟ ಬಗ್ಗಿಸಿದ. ನಡುವೆ ಆ ಹಗುರ ಎಲುಬನ್ನು ಹಿಡಿದುಕೊಂಡು, ಒಬ್ಬರ ಹೆಜ್ಜೆಗೆ ಇನ್ನೊಬ್ಬರು ಕಾಯುತ್ತ, ಇಬ್ಬರೂ ಅಡ್ಡಡ್ಡಲಾಗಿ ಕುಂಭದ ಕಡೆ ಸರಿಯತೊಡಗಿದರು.